ಅರವತ್ತು ಸಾವಿರದ ಆಟದ ಯಂತ್ರ

ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಟಿನ್ ಫ್ಯಾಕ್ಟರಿಯಲ್ಲಿ ಸಂಜೆಯ ಹೊತ್ತು ಬಸ್ಸಿನಿಂದ ಇಳಿದವನಿಗೆ ಕಾರ್ಖಾನೆಯ ನೆನಪು ಬರಲು ಕಾರಣವೇನೂ ಇರುವುದಿಲ್ಲ. ರೈಲುಹಳಿಗಳ ಮೇಲೆ ಉಕ್ಕಿನ ಹಗ್ಗಗಳ ಆಧಾರದಿಂದ ನಿಂತಿರುವ, 2003ರಲ್ಲಿ ತೆರೆದ ಕೃಷ್ಣರಾಜಪುರದ ತೂಗುಸೇತುವೆ. ಇತ್ತ 2023ರ ಅಕ್ಟೋಬರಿನಲ್ಲಿ ಬಾಗಿಲು ತೆರೆದ ಬೆನ್ನಿಗಾನಹಳ್ಳಿಯ ಮೆಟ್ರೋ ನಿಲ್ದಾಣ. ಕೆಳಗೆ, ಯಾವ ಬಸ್ಸು ಎಲ್ಲಿ ನಿಲ್ಲುವುದೆಂದು ಊಹಿಸುತ್ತಾ ಹಿಂದಕ್ಕೂ ಮುಂದಕ್ಕೂ ಓಡುವ ಜನ. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ತಗುಲಿಸಿಕೊಂಡ ತರುಣ ತರುಣಿಯರೇ ಈ ಜನದಲ್ಲಿ ಹೆಚ್ಚು. ಪ್ರಪಂಚದ ಕಂಪ್ಯೂಟರುಗಳೊಳಗಿನ ಚಿಪ್ಪುಗಳಲ್ಲಿ ಎಷ್ಟೋ ಈ ನಗರದಲ್ಲಿಯೇ ರೂಪುಗೊಳ್ಳುತ್ತವೆ, ಎ.ಎಂ.ಡಿ. ಸಂಸ್ಥೆಯು 2023ರ ನವೆಂಬರಿನಲ್ಲಿ ತನ್ನ ವಿನ್ಯಾಸ ಕೇಂದ್ರಗಳಲ್ಲೆಲ್ಲ ದೊಡ್ಡದಾದುದನ್ನು ತೆರೆದುದೂ ಬೆಂಗಳೂರಿನಲ್ಲಿಯೇ. ಆದರೆ ಚಿಪ್ಪು ರೂಪಿಸುವ ಊರಿನಲ್ಲಿ ಮನೆ ಮಾಡಿದ ಮಾತ್ರಕ್ಕೆ ಆ ಚಿಪ್ಪನ್ನು ಕೊಳ್ಳುವ ಜಾಣತನ ತಾನಾಗಿ ಬಂದುಬಿಡುವುದಿಲ್ಲವಲ್ಲ!

ಈ ಸುತ್ತಿನ ಮನೆಯೊಂದನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಹೆಸರು ಬೇಕಾಗಿಲ್ಲ, ಇಂಥ ಮನೆ ಬೀದಿಗೆ ನಾಲ್ಕು ಸಿಕ್ಕೀತು. ತಾತ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಿಂದ ನಿವೃತ್ತರಾದವರು, 1948ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯಲ್ಲಿ ಡಯಲು ತಿರುಗಿಸುವ ಟೆಲಿಫೋನುಗಳ ನಡುವೆ ಯೌವನ ಕಳೆದವರು. ತಂದೆಗೆ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ತಾಯಿ ಮನೆಯ ಖರ್ಚಿನಲ್ಲಿ ಮಿಗಿಸಿ ಚೀಟಿ ಕಟ್ಟುವಾಕೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಮಗ ಪಿ.ಯು.ಸಿ. ಮೊದಲ ವರ್ಷ. ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಕಂಪ್ಯೂಟರು ಕೊಡಿಸುವುದಾಗಿ ತಂದೆ ಒಂದು ದುರ್ಬಲ ಗಳಿಗೆಯಲ್ಲಿ ಮಾತು ಕೊಟ್ಟಿದ್ದರು. ಹುಡುಗ ತೊಂಬತ್ತೊಂದು ತಂದ. ಚೀಟಿಯನ್ನು ಎತ್ತಿದ ತಾಯಿ 60,000 ರೂಪಾಯಿಗಳನ್ನು ಪಕ್ಕಕ್ಕಿಟ್ಟರು. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಮಾನಿಟರೂ ಅದರೊಳಗೇ ಬರಬೇಕು. ಹತ್ತು ವರ್ಷವಲ್ಲದಿದ್ದರೂ ಐದು ವರ್ಷವಾದರೂ ಬಾಳಬೇಕು. ಅಕ್ಕನ ಓದಿಗೂ ಆಗಬೇಕು.

ಹುಡುಗನಿಗೆ ಬೇಕಾದುದು ಆಟ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಗೆಳೆಯರೆಲ್ಲರೂ ಸೇರಿ ಆಡುವ ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್. ಒಂಟಿಯಾಗಿ ಕುಳಿತು ಆಡಲು ದೊಡ್ಡ ಕಥೆಯ, ದೊಡ್ಡ ಊರಿನ ಆಟ ಒಂದೆರಡು. ವಾರದೊಳಗೆ ಅವನು ಒಂದು ಜಾಹೀರಾತನ್ನು ಹಿಡಿದು ತಂದೆಯ ಮುಂದೆ ನಿಂತ.

“ಅಪ್ಪಾ, ಐ-ಸೆವೆನ್ ಪ್ರೊಸೆಸರು, ಹದಿನಾರು ಜಿ.ಬಿ. ರ‍್ಯಾಮು, ನಾಲ್ಕು ಜಿ.ಬಿ. ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪದ ಕ್ಯಾಬಿನೆಟ್ಟು. ಎಲ್ಲಾ ಸೇರಿ ಇಪ್ಪತ್ತೈದು ಸಾವಿರ! ಉಳಿದ ದುಡ್ಡಿಗೆ ಕುರ್ಚಿ ತಗೋಬಹುದು.”

ಲೆಕ್ಕಪತ್ರದವರಾದ ತಂದೆಗೆ ಒಮ್ಮೆಲೇ ಸಂತೋಷವೂ ಸಂಶಯವೂ ಆಯಿತು. ಸಂಶಯವೇ ಸರಿಯಾಗಿತ್ತು. ಇಂಥ ಜಾಹೀರಾತಿನಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇಲ್ಲದಿರಬಹುದು. ಆದರೂ ಇಡೀ ಜಾಹೀರಾತು ಕಣ್ಣಿಗೆ ಮಣ್ಣೆರಚುವುದೇ. ಐ-ಸೆವೆನ್ ಎಂಬುದು ಮನೆತನದ ಹೆಸರು, ವಯಸ್ಸನ್ನು ಹೇಳುವುದಿಲ್ಲ. 2012ರಲ್ಲಿ ಬಂದ ಐ-7 3770 ಕೂಡ ಐ-ಸೆವೆನ್ ತಾನೆ? ಅದರಲ್ಲಿರುವುದು ನಾಲ್ಕು ಕೋರುಗಳು, ಎಂಟು ಎಳೆಗಳು. ಹತ್ತು ವರ್ಷಗಳ ಬಳಿಕ 2022ರಲ್ಲಿ ಅದೇ ಇಂಟೆಲ್ ಸಂಸ್ಥೆ ತಂದ ಐ-3 12100ರಲ್ಲಿಯೂ ನಾಲ್ಕೇ ಕೋರು, ಎಂಟೇ ಎಳೆ. ಆದರೆ ಕೆಲಸದಲ್ಲಿ ಈ ಕಿರಿಯ ‘ಮೂರು’ ಆ ಹಿರಿಯ ‘ಏಳ’ನ್ನು ಬಹಳ ಹಿಂದಕ್ಕೆ ಹಾಕುತ್ತದೆ. ಕಚೇರಿಗಳು ಕಳಚಿ ಮಾರಿದ ಹಳೆಯ ಯಂತ್ರಗಳಿಗೆ ಹೊಸ ಗಾಜಿನ ಪೆಟ್ಟಿಗೆ ತೊಡಿಸಿ, ಜಿ.ಟಿ. 730 ಎಂಬ 2014ರ ಕಾರ್ಡನ್ನು ಸಿಕ್ಕಿಸಿದರೆ ‘ಗೇಮಿಂಗ್ ಕಂಪ್ಯೂಟರು’ ಸಿದ್ಧ. ಆ ಕಾರ್ಡಿನಲ್ಲಿ ನಾಲ್ಕು ಜಿ.ಬಿ. ಇರುವುದು ನಿಜವೇ, ಇಕ್ಕಟ್ಟಾದ ಅಡಿಗೆಮನೆಗೆ ದೊಡ್ಡ ಹಂಡೆ ತಂದಿಟ್ಟಂತೆ ಅದು. ಇದರ ಮೇಲೆ ಇನ್ನೊಂದು ತೊಡಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಯಂತ್ರದಲ್ಲಿರಬೇಕು. ಇಪ್ಪತ್ತೈದು ಸಾವಿರ ಕೊಟ್ಟು ತಂದದ್ದು ಗೆಳೆಯರೊಡನೆ ಆಡುವ ಆಟಕ್ಕೇ ಒದಗದೆ ಹೋದರೆ ಹುಡುಗನ ಮುಖವನ್ನು ನೋಡುವವರು ಯಾರು?

ಕಣ್ಣಿನಿಂದ ಹಿಂದಕ್ಕೆ

ಹುಡುಗರು ಸಾಮಾನ್ಯವಾಗಿ ಪಟ್ಟಿಯನ್ನು ಕ್ಯಾಬಿನೆಟ್ಟಿನಿಂದ ಆರಂಭಿಸುತ್ತಾರೆ, ಅದು ಎದ್ದು ಕಾಣುವುದರಿಂದ. ತಂದೆಯರು ಪ್ರೊಸೆಸರಿನಿಂದ ಆರಂಭಿಸುತ್ತಾರೆ, ಅದರ ಹೆಸರು ಕೇಳಿರುವುದರಿಂದ. ಎರಡೂ ತಪ್ಪು ತುದಿಗಳು. ಆಡುವವನ ಕಣ್ಣಿಗೆ ಏನು ಕಾಣಬೇಕು ಎಂಬಲ್ಲಿಂದ, ಅಂದರೆ ಮಾನಿಟರಿನಿಂದ ಹೊರಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಯ ಪ್ಲಗ್ಗನ್ನು ಮುಟ್ಟುವುದು ಹಣ ಉಳಿಸುವ ದಾರಿ.

ಸಾಮಾನ್ಯವಾದ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳು, ಒಟ್ಟು 20,73,600. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿದರೆ ನೋಡುವವನಿಗೆ ಚಲನೆಯ ಭ್ರಮೆ ಹುಟ್ಟುತ್ತದೆ. ಆಟದಲ್ಲಿ ಅಷ್ಟು ಸಾಲದು. ಅಲ್ಲಿ ನೋಡುವವನೇ ಚಲಿಸುವವನು. ಮೌಸನ್ನು ಹೊರಳಿಸಿದೊಡನೆ ಕಣ್ಣಮುಂದಿನ ಲೋಕವೂ ಹೊರಳಬೇಕು. ಆದ್ದರಿಂದ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕೆನ್ನುತ್ತಾರೆ. ಪ್ರತಿಯೊಂದು ಚಿತ್ರದ ಪ್ರತಿಯೊಂದು ಚುಕ್ಕಿಗೂ ಬಣ್ಣ ನಿರ್ಧರಿಸಬೇಕಾದುದರಿಂದ, ಸೆಕೆಂಡೊಂದಕ್ಕೆ 12 ಕೋಟಿ 44 ಲಕ್ಷಕ್ಕೂ ಮೀರಿದ ಬಣ್ಣದ ತೀರ್ಮಾನಗಳು! ಇದೇ ಪರದೆಯನ್ನು 2,560 ಅಡ್ಡ, 1,440 ಉದ್ದದ ಚುಕ್ಕಿಗಳಿಗೆ ಏರಿಸಿದರೆ ಕೆಲಸ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ, ಅದನ್ನು ಮಾಡಬಲ್ಲ ಕಾರ್ಡಿನ ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಅರವತ್ತು ಸಾವಿರದ ಮನೆಗೆ 1,080ರ ಪರದೆ ಹಿತ. ಸೆಕೆಂಡಿಗೆ ನೂರು ಸಲ ಹೊಸ ಚಿತ್ರ ತೋರಿಸಬಲ್ಲ 100 ಹರ್ಟ್ಸಿನ ಮಾನಿಟರುಗಳು ಈಗ ದುಬಾರಿಯಲ್ಲ. ಹಾಸಿಗೆಯ ಅಳತೆ ಇಲ್ಲಿಯೇ ಗೊತ್ತಾಗುತ್ತದೆ. ಕಾಲು ಚಾಚುವುದು ಆಮೇಲೆ.

ಈ ಕೋಟಿಗಟ್ಟಲೆ ಚುಕ್ಕಿಗಳನ್ನು ಇಡುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಪ್ರೊಸೆಸರಿನಲ್ಲಿ ಆರೋ ಎಂಟೋ ಕೋರುಗಳಿದ್ದರೆ, ಆರ್.ಎಕ್ಸ್. 6600 ಎಂಬ ಸಾಧಾರಣ ಕಾರ್ಡಿನಲ್ಲಿಯೇ ಸಣ್ಣ ಗಣಕಘಟಕಗಳು 1,792. ಪ್ರೊಸೆಸರು ಜಾಣನಾದ ಯಜಮಾನ. ಶತ್ರು ಎಲ್ಲಿದ್ದಾನೆ, ಬಾಗಿಲು ತೆರೆಯಿತೋ ಇಲ್ಲವೋ ಎಂಬ ವ್ಯವಹಾರವೆಲ್ಲ ಅದರದು. ಗ್ರಾಫಿಕ್ಸ್ ಕಾರ್ಡಾದರೋ ತೇರಿನ ದಿನ ಬೀದಿಯುದ್ದಕ್ಕೂ ರಂಗೋಲಿ ಇಡುವ ನೂರಾರು ಕೈಗಳಂತೆ. ಒಂದೊಂದು ಕೈ ಮಾಡುವುದು ಸಣ್ಣ ಕೆಲಸ, ಆದರೆ ಎಲ್ಲವೂ ಒಟ್ಟಿಗೆ. ಆಟಕ್ಕೆಂದೇ ಕೊಳ್ಳುವ ಯಂತ್ರದಲ್ಲಿ ಹಣದ ದೊಡ್ಡ ಪಾಲು, ಅಂದರೆ ಮೂರನೆಯ ಒಂದು ಭಾಗದಷ್ಟು, ಇಲ್ಲಿಗೆ ಹೋಗಬೇಕೆನ್ನುವುದು ಇದರಿಂದಲೇ.

ಹಾಗಾದರೆ ಯಾವ ಕಾರ್ಡು? 2021ರ ಅಕ್ಟೋಬರಿನಲ್ಲಿ ಬಂದ ಆರ್.ಎಕ್ಸ್. 6600 ಮಿತವ್ಯಯದವರ ನೆಚ್ಚಿನದಾಗಿ ಬಹುಕಾಲ ಬಾಳಿತು. ಎಂಟು ಜಿ.ಬಿ. ಸ್ವಂತ ನೆನಪು, 132 ವಾಟ್‌ ವಿದ್ಯುತ್ತು, 1,080ರ ಪರದೆಗೆ ಸಾಕುಸಾಕಾದ ಶಕ್ತಿ. ಅದಕ್ಕೂ ಅಗ್ಗವಾಗಿ ಅದೇ ಮನೆತನದಿಂದ 2022ರ ಜನವರಿಯಲ್ಲಿ ಬಂದ 6500 ಎಕ್ಸ್.ಟಿ. ಮಾತ್ರ ಎಚ್ಚರಿಕೆ ಬೇಡುವಂಥದು. ನೆನಪು ನಾಲ್ಕೇ ಜಿ.ಬಿ.; ಮದರ್‌ಬೋರ್ಡಿನೊಡನೆ ಮಾತನಾಡಲು ಅದಕ್ಕಿರುವ ದಾರಿಗಳೂ ನಾಲ್ಕೇ. ಹಳೆಯ ಬೋರ್ಡಿನಲ್ಲಿ ಈ ದಾರಿಗಳ ವೇಗವೂ ಅರ್ಧವಾಗುವುದರಿಂದ, ನೆನಪು ತುಂಬಿದೊಡನೆ ಆಟ ತಡವರಿಸುತ್ತದೆ. ಬಡವನ ಹಳೆಯ ಬೋರ್ಡಿಗೆಂದು ಕೊಳ್ಳುವ ಅಗ್ಗದ ಕಾರ್ಡು ಹಳೆಯ ಬೋರ್ಡಿನಲ್ಲಿಯೇ ಸೋಲುವುದೆಂದರೆ ಎಂಥ ವಿಪರ್ಯಾಸ! ಎನ್‌ವಿಡಿಯಾದವರ ಆರ್.ಟಿ.ಎಕ್ಸ್. 3050ರಲ್ಲಿಯೂ ಹೆಸರು ಒಂದೇ ಆದರೂ ಎರಡು ಬಗೆ: 2022ರ ಎಂಟು ಜಿ.ಬಿ.ಯದು ಒಂದು, 2024ರ ಆರು ಜಿ.ಬಿ.ಯದು ಇನ್ನೊಂದು. ಎರಡನೆಯದು ಶಕ್ತಿಯಲ್ಲಿ ಕಡಿಮೆ. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರವನ್ನು ಮಾತ್ರ ಓದಿ ಬಂದವನಿಗೆ ಇದು ತಿಳಿಯುವುದು ಮನೆಗೆ ಬಂದ ಮೇಲೆ.

ಎತ್ತು ಏರಿಗೆ, ಕೋಣ ನೀರಿಗೆ

ಇಷ್ಟಾದ ಮೇಲೆ ಪ್ರೊಸೆಸರು. ಇಲ್ಲಿ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಪ್ರೊಸೆಸರಿಗೇ ಹಣವೆಲ್ಲವನ್ನೂ ಸುರಿದು ದುರ್ಬಲ ಕಾರ್ಡನ್ನು ಕೊಳ್ಳುವರು; ಕೆಲವರು ಭಾರಿ ಕಾರ್ಡು ತಂದು ಹಳೆಯ ಪ್ರೊಸೆಸರಿಗೆ ಗಂಟು ಹಾಕುವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ಎರಡರಲ್ಲಿ ಒಂದು ಇನ್ನೊಂದಕ್ಕಾಗಿ ಕಾಯುತ್ತಾ ನಿಲ್ಲುತ್ತದೆ; ಕೊಟ್ಟ ಹಣವೂ ಜೊತೆಯಲ್ಲಿಯೇ ಕಾಯುತ್ತಾ ನಿಲ್ಲುತ್ತದೆ. 6600ರಂಥ ಕಾರ್ಡಿಗೆ 2022ರ ಏಪ್ರಿಲಿನಲ್ಲಿ ಬಂದ ರೈಜೆನ್ 5 5600 ತಕ್ಕ ಜೋಡಿ. ಆರು ಕೋರು, ಹನ್ನೆರಡು ಎಳೆ, 65 ವಾಟ್‌. ತಂಪು ಮಾಡುವ ಫ್ಯಾನು ಪೆಟ್ಟಿಗೆಯೊಳಗೇ ಬರುವುದರಿಂದ ಅದಕ್ಕೆ ಬೇರೆ ಹಣವಿಲ್ಲ. ಇಂಟೆಲ್ ಕಡೆಯಿಂದ 12400 ಎಫ್. ಅದಕ್ಕೆ ಸರಿದೂಗುತ್ತದೆ. ಹೆಸರಿನ ಕೊನೆಯ ಆ ‘ಎಫ್’ ಅಕ್ಷರವನ್ನು ಓದುಗರು ನೆನಪಿಡಬೇಕು. ಪ್ರೊಸೆಸರಿನೊಳಗೆ ಚಿತ್ರ ಬಿಡಿಸುವ ಅಂಗವಿಲ್ಲವೆಂಬುದು ಅದರ ಅರ್ಥ. ರೈಜೆನ್ 5600ಕ್ಕೆ ಅಂಥ ಅಕ್ಷರವೂ ಇಲ್ಲ, ಅಂಗವೂ ಇಲ್ಲ. ಕಾರ್ಡಿಲ್ಲದೆ ಇವು ಕುರುಡು.

ಕಾರ್ಡಿಗೆ ಈಗಲೇ ಹಣ ಸಾಲದವರಿಗೆ ಬೇರೊಂದು ದಾರಿಯುಂಟು. 2021ರ 5600 ಜಿ. ಎಂಬುದರಲ್ಲಿ ಚಿತ್ರದ ಅಂಗವೂ ಸೇರಿದೆ. ವ್ಯಾಲೊರಂಟಿನಂಥ ಹಗುರ ಆಟ ಅದರಲ್ಲಿಯೇ ನಡೆಯುತ್ತದೆ. ಮುಂದಿನ ವರ್ಷ ಬೋನಸ್ಸು ಬಂದಾಗ ಕಾರ್ಡು ಸೇರಿಸಬಹುದು.

ಮದರ್‌ಬೋರ್ಡಿನ ವಿಚಾರದಲ್ಲಿ ಬಹಳ ಮಾತು ಬೇಡ. ಬಿ-450 ಬೋರ್ಡುಗಳು 2018ರವು. ಅವುಗಳೊಳಗಿನ ಹಳೆಯ ಬಯಾಸ್ ತಂತ್ರಾಂಶಕ್ಕೆ 5600ರ ಪರಿಚಯವಿರುವುದಿಲ್ಲ. ಅಂಗಡಿಯಲ್ಲಿಯೇ ಅದನ್ನು ಹೊಸದು ಮಾಡಿಸಿಕೊಳ್ಳಬೇಕು, ಇಲ್ಲವೆ ಬಿ-550 ಕೊಳ್ಳಬೇಕು. ಈ ಎ.ಎಂ.-4 ಜಾತಿಯ ಬೋರ್ಡುಗಳಿಗೆ ಭವಿಷ್ಯವಿಲ್ಲ, 2022ರಲ್ಲಿ ಬಂದ ಎ.ಎಂ.-5 ಕೊಂಡರೆ ಮುಂದೆ ಹೊಸ ಪ್ರೊಸೆಸರು ಹಾಕಬಹುದು ಎಂಬ ವಾದವೂ ಇದೆ. ವಾದ ಸರಿ. ಆದರೆ ಎ.ಎಂ.-5ಕ್ಕೆ ಡಿ.ಡಿ.ಆರ್.-5 ಎಂಬ ಹೊಸ ಬಗೆಯ ರ‍್ಯಾಮೇ ಆಗಬೇಕು. 2025ರ ಕೊನೆಯಲ್ಲಿ ಆ ಮಾತನ್ನು ಕೇಳಿದರೇ ಗೃಹಸ್ಥರು ಬೆಚ್ಚುವಂತಾಯಿತು.

ರ‍್ಯಾಮಿಗೆ ಬಂದ ಕಾಲ

ಕಂಪ್ಯೂಟರಿನಲ್ಲಿ ಎಸ್.ಎಸ್.ಡಿ. ಉಗ್ರಾಣವಾದರೆ ರ‍್ಯಾಮು ಅಡಿಗೆಕಟ್ಟೆ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಕಟ್ಟೆ ಕಿರಿದಾದರೆ ಭಟ್ಟರು ಪದೇಪದೇ ಒಳಗೂ ಹೊರಗೂ ಓಡಬೇಕಾಗುತ್ತದೆ. ಇಂದಿನ ಆಟಗಳಿಗೆ 16 ಜಿ.ಬಿ. ಕಟ್ಟೆ ಬೇಕು. ಅದರಲ್ಲಿಯೂ ಹದಿನಾರರ ಒಂದೇ ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿಗಳು ಮೇಲು. ಎರಡಿದ್ದರೆ ಪ್ರೊಸೆಸರಿಗೆ ಎರಡು ಬಾಗಿಲು ತೆರೆದಂತಾಗಿ ಸಾಗಣೆಯ ವೇಗ ಇಮ್ಮಡಿಯಾಗುವುದು. ಸ್ವಂತ ನೆನಪಿಲ್ಲದ 5600 ಜಿ.ಯಂಥವಕ್ಕಂತೂ ಈ ವ್ಯತ್ಯಾಸ ಆಟದಲ್ಲಿ ಕಣ್ಣಿಗೇ ಕಾಣುತ್ತದೆ.

ಆ ಮನೆಯವರು 2025ರ ಮಧ್ಯದಲ್ಲಿ ಪಟ್ಟಿ ಬರೆದಾಗ ರ‍್ಯಾಮಿನ ಮುಂದೆ 3,500 ಎಂದು ಬರೆದಿದ್ದರು. ಹುಡುಗನ ಅರ್ಧವಾರ್ಷಿಕ ಪರೀಕ್ಷೆ ಮುಗಿಯಲೆಂದು ಕಾದರು. ಪರೀಕ್ಷೆಯೇನೋ ಮುಗಿಯಿತು, ಅಷ್ಟರಲ್ಲಿ ಬೆಲೆ ಇಮ್ಮಡಿಗೂ ಮೀರಿ ಏರಿ ಕುಳಿತಿತ್ತು. ಟಿನ್ ಫ್ಯಾಕ್ಟರಿಯ ಮನೆಯೊಂದರ ಲೆಕ್ಕವನ್ನು ಕೆಡಿಸಿದ ಕಾರಣ ಬಹಳ ದೂರದ್ದು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕಕೇಂದ್ರಗಳಿಗೆ ನೆನಪಿನ ಚಿಪ್ಪುಗಳು ರಾಶಿರಾಶಿಯಾಗಿ ಬೇಕಾದವು. ಪ್ರಪಂಚಕ್ಕೆ ಈ ಚಿಪ್ಪುಗಳನ್ನು ಮಾಡಿಕೊಡುವವರಲ್ಲಿ ಪ್ರಮುಖರು ಮೂವರೇ: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್.ಕೆ. ಹೈನಿಕ್ಸ್, ಅಮೆರಿಕದ ಮೈಕ್ರಾನ್. ಹೆಚ್ಚು ಹಣ ಕೊಡುವವರ ಕಡೆಗೆ ಕಾರ್ಖಾನೆಗಳು ತಿರುಗಿದವು. ಮನೆಬಳಕೆಯವರಿಗೆ ಚಿರಪರಿಚಿತವಾಗಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಸಾರಿತು. ಆನೆಗಳ ಮೇವಿಗೆಂದು ಹೊಲವನ್ನೇ ಬಿಟ್ಟುಕೊಟ್ಟರೆ ಮನೆಯ ಕರುವಿಗೆ ಹುಲ್ಲು ಎಲ್ಲಿಯದು?

ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಂದೆ ಪಟ್ಟಿಯನ್ನು ಮತ್ತೆ ಹರಡಿಕೊಂಡು ಕುಳಿತರು. ಮೊದಲು ಕತ್ತರಿ ಬಿದ್ದದ್ದು ಕ್ಯಾಬಿನೆಟ್ಟಿಗೆ. ಮೂರು ಫ್ಯಾನುಗಳಲ್ಲಿ ಕಾಮನಬಿಲ್ಲು ಸುತ್ತುವ ಗಾಜಿನ ಪೆಟ್ಟಿಗೆ ನೋಡಲು ಚೆಂದವೇ. ಆದರೆ ದೀಪಗಳು ಆಟಕ್ಕೆ ಒಂದು ಚಿತ್ರವನ್ನೂ ಹೆಚ್ಚಿಗೆ ಸೇರಿಸುವುದಿಲ್ಲ. ಗಾಳಿಗೆ ಮುಂದೆ ದಾರಿ ಬಿಡದೆ ಗಾಜು ಮುಚ್ಚಿದ ಕೆಲವು ಪೆಟ್ಟಿಗೆಗಳಂತೂ ಒಳಗಿನ ಶಾಖವನ್ನು ಹೆಚ್ಚಿಸುತ್ತವೆ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂದು ತಾಯಿ ತೀರ್ಪು ಕೊಟ್ಟರು. ಮುಂಬದಿ ಜಾಲರಿಯಿರುವ ಸಾದಾ ಕರಿಯ ಪೆಟ್ಟಿಗೆ ನಿಶ್ಚಯವಾಯಿತು. ಒಂದು ಟಿ.ಬಿ.ಯ ಎಸ್.ಎಸ್.ಡಿ. ಅರ್ಧಕ್ಕಿಳಿಯಿತು, ಅದು ಚಿಕ್ಕದಾದರೆ ಆಟಗಳನ್ನು ಅಳಿಸಿ ಹಾಕಿಕೊಳ್ಳಬೇಕಾದೀತೇ ಹೊರತು ಆಟದ ಓಟ ಕುಂದದು. ರ‍್ಯಾಮಿನ ಪ್ರಶ್ನೆಯನ್ನು ಬಿಡಿಸಿದವನು ಸೋದರಮಾವನ ಮಗ. ಅವನು ಎ.ಎಂ.-5 ಯಂತ್ರಕ್ಕೆ ಬಡ್ತಿ ಹೊಂದಿದ್ದರಿಂದ ಅವನ ಹಳೆಯ ಡಿ.ಡಿ.ಆರ್.-4 ಪಟ್ಟಿಗಳೆರಡು ಮೇಜಿನ ಖಾನೆಯಲ್ಲಿ ಮಲಗಿದ್ದವು. ರ‍್ಯಾಮಿನಲ್ಲಿ ತಿರುಗುವ, ಸವೆಯುವ ಭಾಗಗಳಿಲ್ಲವಾದುದರಿಂದ ಬಳಸಿದ್ದನ್ನು ಕೊಳ್ಳಲು ಅಷ್ಟು ಭಯಪಡಬೇಕಾಗಿಲ್ಲ. ರಾತ್ರಿಯೆಲ್ಲ ಪರೀಕ್ಷೆಯ ತಂತ್ರಾಂಶ ಓಡಿಸಿ ಬೆಳಗಿಗೆ ತಪ್ಪೊಂದೂ ಬರದಿದ್ದರೆ ಸಾಕು. ‘ಮನೆಯ ದರ’ದಲ್ಲಿ ವ್ಯಾಪಾರ ಕುದುರಿತು.

ಬಳಸಿದ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಈ ಧೈರ್ಯ ಸಲ್ಲದು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಪ್ರಪಂಚದಾದ್ಯಂತ ಲಕ್ಷಾಂತರ ಕಾರ್ಡುಗಳನ್ನು ಹಗಲೂ ರಾತ್ರಿಯೂ ದುಡಿಸುತ್ತಿದ್ದ ಕಾಲವೊಂದಿತ್ತು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ಪದ್ಧತಿಯೇ ಬದಲಾಗಿ, ಕಾರ್ಡುಗಳಿಗೆ ಒಂದೇ ದಿನದಲ್ಲಿ ಕೆಲಸ ತಪ್ಪಿತು. ಅವು ಒರೆಸಿಕೊಂಡು ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ, ಆದರೆ ಫ್ಯಾನು ಗರಗರ ಎನ್ನುವುದೇ, ತಿರುಪಿನ ಮೇಲಿನ ಮುದ್ರೆ ಹರಿದಿದೆಯೇ, ಇಪ್ಪತ್ತು ನಿಮಿಷ ಪೂರ್ಣ ಭಾರ ಹೊರಿಸಿದರೆ ಪರದೆಯಲ್ಲಿ ಗೆರೆಗಳೇಳುವುವೇ ಎಂದು ಕಣ್ಣೆದುರಿಗೆ ನೋಡದೆ ಹಣ ಕೊಡುವುದು ಜೂಜು.

ತಾತ ಓದಿದ ಚೀಟಿ

ಇಷ್ಟು ದಿನವೂ ತಾತ ಈ ಚರ್ಚೆಯಲ್ಲಿ ಬಾಯಿ ಹಾಕಿರಲಿಲ್ಲ. ಕ್ಯಾಬಿನೆಟ್ಟಿನ ಜೊತೆಗೆ ‘ಉಚಿತವಾಗಿ’ ಬರುವ ಎಸ್.ಎಂ.ಪಿ.ಎಸ್.ನಿಂದ ಸಾವಿರಾರು ರೂಪಾಯಿ ಉಳಿಯುತ್ತದೆಂದು ತಂದೆ ಹಿಗ್ಗಿದಾಗ ಕನ್ನಡಕವನ್ನು ಕೇಳಿ ತರಿಸಿಕೊಂಡರು. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ಚಿತ್ರದಲ್ಲಿ ಆ ಪೆಟ್ಟಿಗೆಯ ಬದಿಗಂಟಿಸಿದ ಚೀಟಿಯನ್ನು ದೊಡ್ಡದು ಮಾಡಿಸಿದರು.

“ಮೇಲೆ 450 ವಾಟ್‌ ಅಂತ ಬರೆದಿದೆ. ಹನ್ನೆರಡು ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಇದೆ, ಓದೋ.”

“ಹದಿನಾರು, ತಾತ.”

“ಹನ್ನೆರಡು ಹದಿನಾರ್ಲಿ?”

“ನೂರ ತೊಂಬತ್ತೆರಡು.”

“ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?”

ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳ ನೇರಪ್ರವಾಹವಾಗಿ ಬದಲಿಸಿ ಅಂಗಾಂಗಗಳಿಗೆ ಹಂಚುವುದು ಎಸ್.ಎಂ.ಪಿ.ಎಸ್.ನ ಕೆಲಸ. ಪ್ರೊಸೆಸರೂ ಕಾರ್ಡೂ ಉಣ್ಣುವುದು ಬಹುಮಟ್ಟಿಗೆ 12 ವೋಲ್ಟಿನ ಪಂಕ್ತಿಯಲ್ಲಿ. ಆ ಪಂಕ್ತಿಗೆ ಎಷ್ಟು ಬಡಿಸಬಲ್ಲದು ಎಂಬುದೇ ಅದರ ನಿಜವಾದ ಯೋಗ್ಯತೆ, ಮೇಲೆ ದಪ್ಪಕ್ಷರದಲ್ಲಿ ಬರೆದದ್ದಲ್ಲ. ಕಾರ್ಡಿಗೆ 132, ಪ್ರೊಸೆಸರಿಗೆ 65ರಿಂದ 76, ಉಳಿದವಕ್ಕೆಲ್ಲ ಸೇರಿ 50 ವಾಟ್‌ ಎಂದರೂ ಒಟ್ಟು 250ರ ಆಸುಪಾಸಿಗೆ ಬಂತು. ನೂರ ತೊಂಬತ್ತೆರಡು ಕೊಡುವ ಪೆಟ್ಟಿಗೆ ಇದನ್ನು ಹೊರಲು ಹೋಗಿ ಆಟದ ನಡುವೆ ಯಂತ್ರವನ್ನು ಆರಿಸಿದರೆ ಅದು ಪುಣ್ಯ. ಸುಟ್ಟುಹೋಗುವಾಗ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗುವುದೂ ಉಂಟು. ಎಲ್ಲರ ಕಣ್ಣಿಗೂ ಮರೆಯಾಗಿ ಮೂಲೆಯಲ್ಲಿ ಕೂರುವ ಈ ಅಂಗದಲ್ಲಿ ಮಾಡುವ ಉಳಿತಾಯದಷ್ಟು ದುಬಾರಿಯಾದುದು ಇನ್ನೊಂದಿಲ್ಲ. ‘80 ಪ್ಲಸ್’ ಎಂಬ ಗುರುತನ್ನು ನೋಡಿ ಕೊಳ್ಳಬೇಕೆಂಬ ಸಲಹೆ ಒಳ್ಳೆಯದೇ. ಆದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಾದರೂ ಅಂಗಗಳಿಗೆ ತಲಪುವುದೆಂಬುದಷ್ಟೇ ಅದರ ಭರವಸೆ. ಅಡ್ಡಸಂಪರ್ಕವಾದಾಗ ತಾನಾಗಿ ಆರುವ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ ಎಂಬುದನ್ನು ಬೇರೆಯಾಗಿ ಕೇಳಬೇಕು. ಹನ್ನೆರಡು ವೋಲ್ಟಿಗೆ 38 ಆಂಪಿಯರು ಕೊಡುವ, ಅಂದರೆ 456 ವಾಟ್‌ ನಿಜವಾಗಿ ಒದಗಿಸುವ ಒಂದನ್ನು ತಾತ ಆರಿಸಿದರು. ಪಟ್ಟಿ 1,500 ರೂಪಾಯಿ ಮೀರಿತು. ಅದನ್ನು ಅವರ ಪಿಂಚಣಿ ತುಂಬಿತು.

ತಂದೆಯ ಚಿಂತೆ ಬೇರೆ. ದಿನಕ್ಕೆ ಎರಡು ಗಂಟೆ ಆಡಿದರೆ, ಮಾನಿಟರೂ ಸೇರಿ 300 ವಾಟಿನಂತೆ ತಿಂಗಳಿಗೆ 18 ಯೂನಿಟ್ಟು. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಗೊತ್ತುಪಡಿಸಿದ ಮಿತಿಯುಂಟು. ಅದನ್ನು ದಾಟಿದ ಯೂನಿಟ್ಟುಗಳಿಗೆ ಹಣ ತೆರಬೇಕು, 200 ದಾಟಿದರಂತೂ ಬಿಲ್ಲು ಪೂರ್ತಿ ತಲೆಯ ಮೇಲೆ. ಆಟದ ವೇಳೆಯನ್ನು ನಿರ್ಧರಿಸಲು ಅವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಕ್ಕಲಾರದು.

ಪತ್ರಪ್ಪನವರ ರಸ್ತೆಯಲ್ಲಿ

ಒಂದು ಶನಿವಾರ ಬೆಳಿಗ್ಗೆ ತಂದೆಯೂ ಮಗನೂ ಬೆನ್ನಿಗಾನಹಳ್ಳಿಯಲ್ಲಿ ನೇರಳೆ ಮಾರ್ಗದ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರು. ಅಲ್ಲಿಂದ ನಡೆದರೆ ಸಾದರ ಪತ್ರಪ್ಪ ರಸ್ತೆ, ಬಾಯಿಮಾತಿನಲ್ಲಿ ಎಸ್.ಪಿ. ರಸ್ತೆ. ಗಲ್ಲಿಗಳಲ್ಲಿ, ಮಹಡಿ ಮೆಟ್ಟಿಲುಗಳ ಕೆಳಗೆ, ಒಬ್ಬನೇ ನಿಲ್ಲಬಹುದಾದ ಮಳಿಗೆಗಳಲ್ಲಿ ಪ್ರಪಂಚದ ತಂತಿಗಳೆಲ್ಲ ಇಲ್ಲಿ ಬಂದು ನೇತಾಡುತ್ತಿವೆಯೇನೋ ಎನ್ನಿಸುವುದು. ಹೊಸಬನಿಗೆ ಇಲ್ಲಿ ಎರಡು ಉಪಾಯಗಳು ಸಾಕು. ಮೊದಲನೆಯದು, ಒಂದೇ ಅಂಗಡಿಯಲ್ಲಿ ಪೂರ್ತಿ ಪಟ್ಟಿಗೆ ಬರೆಸಿಕೊಳ್ಳದೆ ಮೂರು ಕಡೆ ಬರೆಸಿ, ಒಂದೊಂದು ಅಂಗದ ಹೆಸರಿನ ಕೊನೆಯ ಅಕ್ಷರದವರೆಗೆ ಹೋಲಿಸುವುದು. ಆನ್‌ಲೈನ್ ದರವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು. ಎರಡನೆಯದು ಬಿಲ್ಲು. ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ ಎಂಬ ಆಸೆ ಎಲ್ಲಿ ಎದುರಾದರೂ ಅದಕ್ಕೆ ಕಿವಿಗೊಡಬಾರದು. ನೂರಕ್ಕೆ 18ರ ಜಿ.ಎಸ್.ಟಿ. ಉಳಿಸಲು ಹೋಗಿ ವಾರಂಟಿಯನ್ನು ಕಳೆದುಕೊಂಡವನು ಕಾರ್ಡು ಕೆಟ್ಟ ದಿನ ಯಾರ ಬಾಗಿಲು ತಟ್ಟಬೇಕು?

ಪಟ್ಟಿಯಲ್ಲಿ ಬಹುಮಂದಿ ಮರೆಯುವ ಒಂದು ಬಾಬತ್ತು ವಿಂಡೋಸಿನ ಲೈಸೆನ್ಸು. ಇದು ಕೈಗೆ ಸಿಗುವ ವಸ್ತುವಲ್ಲವಾದುದರಿಂದ ಯಾರಿಗೂ ನೆನಪಾಗುವುದಿಲ್ಲ. ಲಿನಕ್ಸಿಗೆ ಹಣವಿಲ್ಲ, ಸ್ಟೀಮ್ ಮಾರಾಟಜಾಲದ ಎಷ್ಟೋ ಆಟಗಳು 2018ರಿಂದೀಚೆಗೆ ಪ್ರೋಟಾನ್ ಎಂಬ ಸಾಧನದ ನೆರವಿನಿಂದ ಅದರಲ್ಲಿ ನಡೆಯುತ್ತವೆ, ಕೌಂಟರ್-ಸ್ಟ್ರೈಕ್ 2 ನೇರವಾಗಿಯೇ ನಡೆಯುತ್ತದೆ. ವ್ಯಾಲೊರಂಟ್ ಮಾತ್ರ ಒಪ್ಪುವುದಿಲ್ಲ. ಈ ಮನೆಯಲ್ಲಿ ಅದಕ್ಕೇ ಮೊದಲ ತಾಂಬೂಲವಾದುದರಿಂದ ತಂದೆ ನಿಟ್ಟುಸಿರು ಬಿಟ್ಟು ಲೈಸೆನ್ಸಿನ ಹಣವನ್ನು ತಮ್ಮ ಜೇಬಿನಿಂದ ಕೊಟ್ಟರು. ಅರವತ್ತು ಸಾವಿರದ ಗೆರೆ ದಾಟಿದ್ದನ್ನು ಮನೆಯಲ್ಲಿ ಹೇಳಬೇಕೋ ಬೇಡವೋ ಎಂಬ ಯೋಚನೆ ಮೆಟ್ರೋದಲ್ಲಿ ಹಲಸೂರು ದಾಟುವವರೆಗೂ ಅವರನ್ನು ಕಾಡಿತು.

ಜೋಡಣೆ ಮನೆಯ ಊಟದ ಮೇಜಿನ ಮೇಲೆಯೇ ನಡೆಯಿತು. ತಾತ ಮೊದಲು ಗೋಡೆಯ ಮೂರುಕಣ್ಣಿನ ಪ್ಲಗ್ಗಿನಲ್ಲಿ ಅರ್ಥ್ ಸರಿಯಾಗಿದೆಯೇ ಎಂದು ಪರೀಕ್ಷಿಸಿದರು. ಅದು ಇಲ್ಲದ ಮನೆಗಳಲ್ಲಿ ಕ್ಯಾಬಿನೆಟ್ಟಿನ ತಗಡು ಮುಟ್ಟಿದವರ ಕೈಯನ್ನು ಜುಮ್ಮೆನಿಸುವುದು. ಹುಡುಗ ಪ್ರೊಸೆಸರನ್ನು ತ್ರಿಕೋನದ ಗುರುತು ನೋಡಿ ಇಳಿಸಿದ, ರ‍್ಯಾಮನ್ನು ಟಕ್ಕೆನ್ನುವವರೆಗೆ ಒತ್ತಿದ, ಕಾರ್ಡನ್ನು ಕೂರಿಸಿದ. ಮೂರು ಗಂಟೆ ಹಿಡಿಯಿತು. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು. ಪರದೆಯ ಮೇಲೆ ಏನೂ ಬರಲಿಲ್ಲ.

ಹುಡುಗನ ಮುಖ ಬಿಳುಪೇರಿತು. ಕಾರ್ಡು ಕೆಟ್ಟಿರಬೇಕೆಂದು ತಂದೆ, ಪ್ರೊಸೆಸರಿರಬೇಕೆಂದು ಮಗ. ಯಾವುದನ್ನು ಹಿಂದಿರುಗಿಸುವುದೆಂಬ ಚರ್ಚೆಯೇ ಎದ್ದಿತು.

“ಲೈನು ಸತ್ತಾಗ ನಾವು ಎಕ್ಸ್‌ಚೇಂಜನ್ನ ಬಿಚ್ಚುತ್ತಿರಲಿಲ್ಲ ಕಣೋ,” ಎಂದರು ತಾತ. “ಪರದೆಯ ಕಡೆಯಿಂದ ವೈರಿನ ಮೇಲೆ ಬೆರಳಿಟ್ಟುಕೊಂಡು ಹೋಗು. ಎಲ್ಲಿಗೆ ಹೋಗಿ ಸೇರಿದೆ ನೋಡು.”

ಬೆರಳು ಹೋಗಿ ನಿಂತದ್ದು ಮದರ್‌ಬೋರ್ಡಿನ ತೂತಿನಲ್ಲಿ. ಚಿತ್ರದ ಅಂಗವಿಲ್ಲದ ಪ್ರೊಸೆಸರಿನ ಮುಂದೆ ಮಾನಿಟರು ಇಷ್ಟು ಹೊತ್ತೂ ಕಾದು ಕುಳಿತಿತ್ತು. ವೈರನ್ನು ನಾಲ್ಕು ಬೆರಳು ಕೆಳಗಿದ್ದ ಕಾರ್ಡಿಗೆ ಬದಲಿಸಿದೊಡನೆ ಅಕ್ಷರಗಳು ಮೂಡಿದವು. ತಾನಾಗಿಯೇ ಪೂರ್ಣ ವೇಗಕ್ಕೆ ಏರದ ರ‍್ಯಾಮನ್ನು ಬಯಾಸಿನೊಳಗೆ ಹೋಗಿ 3,200ಕ್ಕೆ ಏರಿಸಿದ್ದಾಯಿತು. ರಾತ್ರಿಯೆಲ್ಲ ಓಡಿದ ಪರೀಕ್ಷೆಯಲ್ಲಿ ತಪ್ಪೊಂದೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ವಿಂಡೋಸ್ ಹಾಕಿ, 60ರಲ್ಲಿ ನಿಂತಿದ್ದ ಮಾನಿಟರನ್ನು 100ಕ್ಕೆ ಬದಲಿಸಿದ್ದೂ ಆಯಿತು. ಇವೆರಡನ್ನೂ ಮರೆತು ವರ್ಷಗಟ್ಟಲೆ ಅರ್ಧ ವೇಗದಲ್ಲಿ ಆಡುವವರು ಎಷ್ಟು ಮಂದಿಯೋ!

ಹುಡುಗ ಆಸೆಪಟ್ಟಿದ್ದ ದೊಡ್ಡ ಊರಿನ ಆಟ ನೂರು ಜಿ.ಬಿ.ಯದು. ಮನೆಯ 40 ಎಂ.ಬಿ.ಪಿ.ಎಸ್. ಇಂಟರ್‌ನೆಟ್ಟಿನಲ್ಲಿ ಅದು ಇಳಿದು ಬರಲು ಐದೂವರೆ ಗಂಟೆ. ಗೆರೆ ನೂರಕ್ಕೆ ಮೂರರಲ್ಲಿ ನಿಂತಿತ್ತು. ಅಷ್ಟರವರೆಗೆ ಪ್ರಾಜೆಕ್ಟು ಬರೆದುಕೊಳ್ಳುವೆನೆಂದು ಅಕ್ಕ ಬಂದು ಕುರ್ಚಿಯಲ್ಲಿ ಕುಳಿತಳು. ತಾಯಿ ಹುಡುಗನ ಕೈಗೆ ಚೀಲ ಕೊಟ್ಟು ಮೊಸರು ತರಲು ಕಳುಹಿಸಿದರು.